ಪಾವಗಡದ ನೀರು, ಬೆಂಗಳೂರಿನ ಪ್ರಶ್ನೆ

ನಮ್ಮ ಪಾವಗಡ ಸೀಮೆಯವರಿಗೆ ಕೊಳವೆಬಾವಿ ನೀರಿನ ಫ್ಲೋರೈಡ್ ಹೊಸ ಸುದ್ದಿಯಲ್ಲ. ನಾನು ಪಾಠ ಮಾಡುವ ಬಿ.ಎಸ್ಸಿ. ತರಗತಿಯಲ್ಲೇ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರಿದ್ದಾರೆ. ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಕಂದು ಪಟ್ಟೆ. ಅವರನ್ನೇ ಜೊತೆಗಿಟ್ಟುಕೊಂಡು ಫ್ಲೋರೈಡ್ ಹೀರಿಕೊಳ್ಳುವ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ತುಂಬಿದ ಸಣ್ಣ ಫಿಲ್ಟರ್ ಮಾಡಿದ್ದೆ. ಅದರ ಪೋಸ್ಟರ್ ಹಿಡಿದು ಬೆಂಗಳೂರಿನ ಪ್ರಾದೇಶಿಕ ರಸಾಯನಶಾಸ್ತ್ರ ಸಮ್ಮೇಳನಕ್ಕೆ ಹೊರಟೆ.

ಎ-ಝೀರೋ ಪೋಸ್ಟರ್ ಅಂದರೆ 84 ಸೆಂ.ಮೀ. ಅಗಲ. ಮಡಚಿದರೆ ಗೆರೆ ಬೀಳುತ್ತದೆ. ಪಿವಿಸಿ ಪೈಪಿನ ತುಂಡೊಂದರೊಳಗೆ ಸುತ್ತಿಟ್ಟು, ಬೆಳಗಿನ ಜಾವದ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದು ಯಶವಂತಪುರದಲ್ಲಿ ಇಳಿದೆ. ಮೊದಲ ಸಲ ಪ್ರಿಂಟ್ ಹಾಕಿಸಿದಾಗ ಫಾಂಟ್ ಬದಲಾಗಿ ಮೈಕ್ರೋ ಚಿಹ್ನೆಗಳೆಲ್ಲ ಮಿಲಿ ಆಗಿಬಿಟ್ಟಿದ್ದವು, ಸಾವಿರ ಪಟ್ಟು ವ್ಯತ್ಯಾಸ! ಮತ್ತೆ ದುಡ್ಡು ತೆತ್ತೆ. ಪಿಡಿಎಫ್ ಮಾಡಿಯೇ ಅಂಗಡಿಗೆ ಕೊಡಿ.

ಬೆಳಗಿನ ಉಪನ್ಯಾಸಗಳಲ್ಲಿ ಅರ್ಧದಷ್ಟು ನನಗೆ ದಕ್ಕಲಿಲ್ಲ. ಮಧ್ಯಾಹ್ನ ಪೋಸ್ಟರ್ ಪಕ್ಕ ನಿಂತೆ. ತುಂಬ ಜನ ನೋಡಿ, ತಲೆಯಾಡಿಸಿ ಹೋದರು. ಹಿರಿಯರೊಬ್ಬರು ಮಾತ್ರ ಕನ್ನಡಕ ಹಣೆಗೇರಿಸಿ, ಕೋಷ್ಟಕದ ಒಂದೇ ಸಾಲಿನ ಮೇಲೆ ಬೆರಳಿಟ್ಟರು.

"ಸೋಸಿದ ಮೇಲೆ ಫ್ಲೋರೈಡ್ ಲೀಟರಿಗೆ 0.6 ಮಿಲಿಗ್ರಾಂ ಅಂತಿದೀರಿ. ಯಾವ ಟಿಸಾಬ್ ಹಾಕಿದ್ರಮ್ಮಾ?"

ಟಿಸಾಬ್ ಅಂದರೆ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಅದ್ದುವ ಮೊದಲು ನೀರಿಗೆ ಬೆರೆಸುವ ಬಫರ್, ಅಂದರೆ ಪಿಎಚ್ ಒಂದೇ ಮಟ್ಟದಲ್ಲಿಡುವ ದ್ರಾವಣ. ಅಸಿಟಿಕ್ ಆಮ್ಲ, ಉಪ್ಪು, ಕಾಸ್ಟಿಕ್ ಸೋಡಾ ಸೇರಿಸಿ ನಾವೇ ಮಾಡಿಕೊಂಡದ್ದು ಎಂದೆ. ಅದಕ್ಕೆ ಸೇರಿಸಬೇಕಾದ, ಲೋಹದ ಅಯಾನುಗಳನ್ನು ಹಿಡಿದಿಡುವ ಸಿಡಿಟಿಎ ಎಂಬ ರಾಸಾಯನಿಕವನ್ನು ದುಬಾರಿಯೆಂದು ಬಿಟ್ಟಿದ್ದೆವು.

"ಹಾಗಾದ್ರೆ ನೀರಿಗಿಳಿದ ಅಲ್ಯುಮಿನಿಯಂ ಫ್ಲೋರೈಡನ್ನ ಹಿಡಕೊಂಡು ಕೂತಿರತ್ತೆ. ಎಲೆಕ್ಟ್ರೋಡ್‌ಗೆ ಬಿಡಿ ಅಯಾನು ಮಾತ್ರ ಕಾಣೋದು."

ಎದೆ ಧಸಕ್ಕೆಂದಿತು. ಅಲ್ಯುಮಿನಾ ಚೆನ್ನಾಗಿ ಹೀರಲೆಂದು ನೀರನ್ನು ಆಮ್ಲೀಯ ಮಾಡಿದ್ದೆ. ಆಮ್ಲ ಜಾಸ್ತಿಯಾದರೆ ಅದೇ ಅಲ್ಯುಮಿನಾ ಕರಗುತ್ತದೆ. ಸಿಡಿಟಿಎ ಇದ್ದಿದ್ದರೆ ಅಲ್ಯುಮಿನಿಯಂ ಅದಕ್ಕೆ ಅಂಟಿ ಫ್ಲೋರೈಡ್ ಬಿಡುಗಡೆಯಾಗುತ್ತಿತ್ತು. ಅವರು ಇಪ್ಪತ್ತು ನಿಮಿಷ ನಿಂತು, ನನ್ನ ನೋಟ್‌ಬುಕ್ಕಿನಲ್ಲೇ ಬಫರ್‌ನ ಪ್ರಮಾಣ ಬರೆದುಕೊಟ್ಟರು. ಅಷ್ಟು ತಾಳ್ಮೆಯಿಂದ ನನ್ನ ಕೆಲಸವನ್ನು ಅದುವರೆಗೆ ಯಾರೂ ಓದಿರಲಿಲ್ಲ. ತಾಲ್ಲೂಕು ಕಾಲೇಜಿನಲ್ಲಿ ಒಬ್ಬರೇ ಕೆಲಸ ಮಾಡುವವರು ದಯವಿಟ್ಟು ಭಾಷಣಕ್ಕಿಂತ ಪೋಸ್ಟರನ್ನೇ ಆರಿಸಿಕೊಳ್ಳಿ. ಕೋಷ್ಟಕದಲ್ಲಿ ಪಿಎಚ್, ಬಫರ್ ಎಲ್ಲ ಬರೆದಿರಿ. ಪ್ರಶ್ನೆ ಹುಟ್ಟುವುದೇ ಅಲ್ಲಿ.

ಊರಿಗೆ ಬಂದು ಸಿಡಿಟಿಎ ತರಿಸಿ ಮತ್ತೆ ಅಳೆದೆವು. 0.6 ಇದ್ದದ್ದು 1.3 ಆಯಿತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ 1.0, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ. ಹುಡುಗಿಯರು ದಾಖಲೆ ಪುಸ್ತಕದ ಹಳೆಯ ಅಂಕಿಗಳ ಮೇಲೆ ಒಂದೊಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆದರು. ಈಗ ಸೋಸಿದ ನೀರಿನ ಅಲ್ಯುಮಿನಿಯಂ ಕೂಡ ಅಳೆಯುತ್ತಿದ್ದೇವೆ.