ಬದುವಿನ ಬಿಲ, ಒಂದು ಪೊರೆ

ರೋಹಿಣಿ ಮಳೆ ಹದವಾಗಿ ಬಿದ್ದ ರಾತ್ರಿ, ಬದು ಎಲ್ಲಾದರೂ ಒಡೆದಿದೆಯೇ ನೋಡಲು ರಾಗಿ ಹೊಲಕ್ಕೆ ಹೋಗಿದ್ದೆ. ನಮ್ಮ ಹೊಲ ತುಮಕೂರಿನ ದೇವರಾಯನದುರ್ಗದ ಬೆಟ್ಟಸಾಲಿನ ಕಡೆ. ಅಲ್ಲಿ ಕಂಡದ್ದು ಟಾರಂಟುಲಾ, ಮೈತುಂಬ ರೋಮವಿರುವ ದೊಡ್ಡ ಜೇಡ. ಜಾಗದ ಬಗ್ಗೆ ಇದಕ್ಕಿಂತ ಹೆಚ್ಚಿನ ಗುರುತನ್ನು ಬೇಕೆಂದೇ ಕೊಡುತ್ತಿಲ್ಲ. ಟಾರಂಟುಲಾ ಕೊಂಡು ಸಾಕುವವರಿದ್ದಾರೆ, ಅವರಿಗಾಗಿ ಬಿಲ ಅಗೆಯುವವರೂ ಇದ್ದಾರೆ. ಹೆಣ್ಣು ಬಲಿಯಲು ವರ್ಷಗಳೇ ಬೇಕು. ಒಮ್ಮೆ ಅಗೆದರೆ ಬದು ಬರಿದಾಗುತ್ತದೆ.

ಬದುವಿನ ಇಳಿಜಾರಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಬಾಯಿಗೆ ನೂಲಿನ ಬಿಳಿ ಅಸ್ತರಿ. ಇಲಿ, ಏಡಿಗಳ ಬಿಲಕ್ಕೆ ಅಸ್ತರಿ ಇರುವುದಿಲ್ಲ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ಅಲ್ಲಾಡದೆ ಕೂತೆ. ತುಂಬ ಹೊತ್ತಿನ ಮೇಲೆ ಕಂದು ರೋಮದ ಮುಂಗಾಲುಗಳು ಹೊರಬಂದವು. ನಾನು ಕಾಲು ಕದಲಿಸಿದ್ದೇ ತಡ, ನೆಲದ ನಡುಕ ತಿಳಿದು ಒಳಗೆ ಸರಿಯಿತು.

ಪಟ ತೆಗೆದು ಜೇಡಗಳ ಬಗ್ಗೆ ತಿಳಿದ ಸ್ನೇಹಿತರಿಗೆ ಕಳಿಸಿದೆ. "ಪಟದಿಂದ ಕುಲವನ್ನೂ ಹೇಳಲಾಗದು" ಎಂದರು. ಕುಲವೆಂದರೆ ಹತ್ತಿರದ ಪ್ರಭೇದಗಳ ಗುಂಪು. ಹೌದು, ಕಂದು ಬಣ್ಣ, ದಪ್ಪ ಕಾಲು ಎಷ್ಟೋ ಜೇಡಗಳಿಗಿವೆ. ಗುರುತಿಸಲೆಂದು ಹಿಡಿದು ಕೊಲ್ಲಲು ಮನಸ್ಸು ಒಪ್ಪಲಿಲ್ಲ.

ದಾರಿ ತೋರಿಸಿದ್ದು ಅದೇ ಜೇಡ. ಪೊರೆ ಬಿಟ್ಟಾಗ ಹಳೆಯದನ್ನು ಮುದ್ದೆ ಮಾಡಿ ಬಿಲದ ಬಾಯಿಗೆ ತಳ್ಳುತ್ತದೆ. ದಿನಾ ಬೆಳಿಗ್ಗೆ ನೋಡುತ್ತಾ ಹೋದೆ. ದಸರೆ ಕಳೆದ ಮೇಲೆ ಒಣಗಿದ ಮುದ್ದೆಯೊಂದು ಸಿಕ್ಕಿತು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ತೆಳು ಕುಂಚದಿಂದ ಮಡಿಕೆ ಬಿಡಿಸಿದೆ. ಈ ಕೆಲಸದಲ್ಲಿ ಅವಸರ ಮಾಡಿದರೆ ಎಲ್ಲವೂ ಹರಿದುಹೋಗುತ್ತದೆ.

ಸೂಕ್ಷ್ಮದರ್ಶಕದಡಿ ಎರಡು ಜೊತೆ ಪುಸ್ತಕ ಶ್ವಾಸಕೋಶಗಳ (ಹಾಳೆಗಳಂತೆ ಪದರಪದರವಾದ ಉಸಿರಾಟದ ಅಂಗಗಳು) ಗುರುತು, ಕತ್ತರಿಯಂತೆ ಅಡ್ಡ ಕೂಡದೆ ಸಮಾನಾಂತರವಾಗಿ ಕೆಳಗಿಳಿಯುವ ವಿಷದಂತಗಳು ಕಂಡವು. ಮುಂಭಾಗದ ಜೊತೆ ಶ್ವಾಸಕೋಶಗಳ ನಡುವೆ, ಪೊರೆಯ ಒಳಮೈಗೆ ಅಂಟಿಕೊಂಡಂತೆ, ವೀರ್ಯ ಸಂಗ್ರಹಕೋಶಗಳು! ಅವುಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುವುದರಿಂದ ಹೆಣ್ಣನ್ನು ಗುರುತಿಸಲು ಅವೇ ಮುಖ್ಯ. ಕೈ ನಡುಗುತ್ತಿತ್ತು, ಚಿತ್ರ ಬಿಡಿಸಲು ಎರಡು ದಿನ ಹಿಡಿಯಿತು. ಬಾಯಿಯ ಪಕ್ಕದಲ್ಲಿ ಸದ್ದು ಮಾಡುವ ಗಟ್ಟಿ ರೋಮಗಳ ಸಾಲು ಇರಲಿಲ್ಲ. ಅಂಥ ರೋಮಗಳಿರುವ ಕೈಲೋಬ್ರಾಕಿಸ್ ಎಂಬ ಟಾರಂಟುಲಾ ಕುಲದ್ದು ಅಲ್ಲವೆಂದು ಅಲ್ಲಿಗೆ ಖಚಿತವಾಯಿತು.

ಬ್ರಿಟಿಷ್ ಪ್ರಾಣಿವಿಜ್ಞಾನಿ ಪೋಕಾಕ್ 1900ರಲ್ಲಿ ಪ್ರಕಟಿಸಿದ ಭಾರತದ ಜೇಡಗಳ ಸಂಪುಟದಿಂದ ಹಿಡಿದು ಇತ್ತೀಚಿನ ಲೇಖನಗಳವರೆಗೆ ಹೋಲಿಸಿದೆ. ಹತ್ತಿರ ಬಂದದ್ದು 2012ರಲ್ಲಿ ಸ್ಥಾಪಿತವಾದ ನಿಯೋಹೆಟೆರೋಫ್ರಿಕ್ಟಸ್ ಕುಲ. ಆದರೆ ಅದರ ಸಹ್ಯಾದ್ರಿ, ಉತ್ತರಕನ್ನಡ ಎಂಬ ಪ್ರಭೇದಗಳ ಹೆಸರೇ ಮಲೆನಾಡಿನತ್ತ ಬೊಟ್ಟು ಮಾಡುತ್ತದೆ. ನಮ್ಮದು ಜಾಲಿ, ತಂಗಡಿ ಬೆಳೆಯುವ ಒಣ ನೆಲ. ನನ್ನ ಚಿತ್ರದ ಕೋಶಗಳು ಅಚ್ಚಾದ ಯಾವ ಚಿತ್ರಕ್ಕೂ ಕೂಡಲಿಲ್ಲ.

ಹೊಸತೆಂದು ಸಾರಲು ಒಂದು ಪೊರೆ ಸಾಲದು. ಗಂಡು ಬೇಕು. ಅದರ ಮೀಸೆಗಾಲಿನ (ಬಾಯಿಯ ಪಕ್ಕದ ಕಾಲಿನಂಥ ಚಿಕ್ಕ ಅಂಗ) ತುದಿಯಲ್ಲಿರುವ, ವೀರ್ಯ ತುಂಬಿಕೊಳ್ಳುವ ಬುರುಡೆ, ಮುಂಗಾಲಿನ ಕೊಕ್ಕೆ ನೋಡಬೇಕು, ಮಾದರಿ ಸಂಗ್ರಹಾಲಯ ಸೇರಬೇಕು. ಬಲಿತ ಗಂಡು ಹೆಣ್ಣನ್ನು ಹುಡುಕಿ ಮಳೆಗಾಲದಲ್ಲಿ ಅಲೆಯುತ್ತದೆ. ಆದ್ದರಿಂದ ಮಳೆ ಬಿದ್ದ ರಾತ್ರಿಗಳಲ್ಲಿ ಬದುವಿನುದ್ದಕ್ಕೂ ನಡೆಯುತ್ತೇನೆ. ಉಳುವಾಗ ಆ ಬದುವಿನ ಬದಿ ಎರಡು ಮಾರು ಬಿಡಲು ಅಪ್ಪ ಒಪ್ಪಿದ್ದಾರೆ.