ವಸಂತದ ಹೂಗಡ್ಡೆಗಳನ್ನು ಹೊಸ ತೋಟಕ್ಕೆ ಸಾಗಿಸುವುದು

ಟುಲಿಪ್, ಡ್ಯಾಫೊಡಿಲ್, ಹಯಸಿಂತ್ ಗಡ್ಡೆಗಳನ್ನು ಯಾವಾಗ ಅಗೆಯಬೇಕು ಎಂಬುದನ್ನು ಎಲೆ ನೋಡಿಯೇ ತೀರ್ಮಾನಿಸಬೇಕು. ಹೂ ಬಾಡಿದ ಮೇಲೆ ಸುಮಾರು ಆರು ವಾರ ಎಲೆ ಹಸಿರಾಗಿರುತ್ತದೆ; ಮುಂದಿನ ಹೂವಿಗೆ ಬೇಕಾದ ಆಹಾರ ಗಡ್ಡೆಗೆ ಇಳಿಯುವುದು ಆಗಲೇ. ಅಂದಗೆಟ್ಟಿತೆಂದು ಎಲೆ ಕತ್ತರಿಸಬೇಡಿ, ಸುರುಳಿ ಸುತ್ತಿ ಕಟ್ಟಲೂಬೇಡಿ. ಬಾಡಿದ ಹೂವನ್ನಷ್ಟೇ ಚಿವುಟಿ, ಬೀಜ ಕಟ್ಟುವುದಕ್ಕೆ ಶಕ್ತಿ ಪೋಲಾಗುವುದು ತಪ್ಪುತ್ತದೆ. ಗಿಡ ಕಣ್ಣಿಗೆ ಕಾಣುತ್ತಿರುವಾಗಲೇ ಪ್ರತಿ ಗುಂಪಿನ ಪಕ್ಕ ಹೆಸರು, ಬಣ್ಣ ಬರೆದ ಕಡ್ಡಿ ಚುಚ್ಚಿಡಿ. ಎಲೆ ಮಾಯವಾದ ಮೇಲೆ ಅಂದಾಜಿನಲ್ಲಿ ಅಗೆದರೆ ಗಡ್ಡೆಗಳು ಸೀಳುತ್ತವೆ, ಗಾಯದಿಂದಲೇ ಕೊಳೆ ಶುರುವಾಗುತ್ತದೆ.

ಎಲೆ ಹಳದಿಯಾಗಿ ಮಲಗಿದಾಗ ಗುಂಪಿನಿಂದ 15 ಸೆಂ.ಮೀ. ದೂರದಲ್ಲಿ ಹಲ್ಲಿನ ಗುದ್ದಲಿಯನ್ನು 25 ಸೆಂ.ಮೀ. ಆಳಕ್ಕಿಳಿಸಿ ಮೇಲೆತ್ತಿ. ಮಣ್ಣು ಕೊಡವಿ, ತೊಳೆಯಬೇಡಿ. ನೆರಳಲ್ಲಿ ಎರಡು ಮೂರು ದಿನ ಒಣಗಿಸಿ, ಒಂದೊಂದರ ಬುಡವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಇಟ್ಟುಕೊಳ್ಳಿ. ಮೆತ್ತಗಾಗಿ ಕಂದು ತಿರುಗಿದ್ದರೆ ಬುಡಕೊಳೆ ರೋಗ ಇರಬಹುದು. ಅದನ್ನು ಗೊಬ್ಬರದ ಗುಂಡಿಗೂ ಹಾಕದೆ ಎಸೆಯಿರಿ, ಇಲ್ಲದಿದ್ದರೆ ರೋಗವೂ ಹೊಸ ತೋಟಕ್ಕೆ ಬರುತ್ತದೆ. ಮರಿಗಡ್ಡೆಗಳು ತಾವಾಗಿ ಬಿಟ್ಟುಕೊಂಡರೆ ಬೇರ್ಪಡಿಸಿ, ಬಲವಂತ ಬೇಡ. ಕೈಗವಸು ಹಾಕಿಕೊಳ್ಳಿ: ಡ್ಯಾಫೊಡಿಲ್ ರಸ, ಹಯಸಿಂತ್ ಸಿಪ್ಪೆ ಎರಡೂ ತುರಿಕೆ ತರಿಸುತ್ತವೆ. ಈ ಗಡ್ಡೆಗಳು ವಿಷಕಾರಿ, ನೋಡಲು ಈರುಳ್ಳಿಯಂತಿರುತ್ತವೆ. ಅಡುಗೆಮನೆಯ ಹತ್ತಿರ ಇಡಲೇಬೇಡಿ.

ಬಲೆಚೀಲ ಅಥವಾ ಕಾಗದದ ಚೀಲದಲ್ಲಿ ತುಂಬಿ ಗಾಳಿಯಾಡುವ ಕತ್ತಲ ಜಾಗದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸ್ಟು ಹಿಡಿಯುತ್ತದೆ. ಸೇಬು, ಬಾಳೆಹಣ್ಣು ಪಕ್ಕದಲ್ಲಿರಬಾರದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಗಡ್ಡೆಯೊಳಗೆ ರೂಪುಗೊಂಡ ಟುಲಿಪ್ ಮೊಗ್ಗನ್ನು ಕೊಲ್ಲುತ್ತದೆ. ಹೊರಗಿನಿಂದ ಗಡ್ಡೆ ಚೆನ್ನಾಗಿಯೇ ಕಾಣುತ್ತದೆ, ಹೂ ಮಾತ್ರ ಬರುವುದಿಲ್ಲ.

ಎಲೆ ಒಣಗುವ ಮೊದಲೇ ಮನೆ ಬದಲಿಸಬೇಕಾಗಿ ಬಂದರೆ ಮಣ್ಣಿನ ಹೆಂಟೆ ಒಡೆಯದಂತೆ ಇಡೀ ಗುಂಪನ್ನು ಎತ್ತಿ, ತೂತಿರುವ ಕುಂಡದಲ್ಲಿ ಮೊದಲಿದ್ದ ಆಳಕ್ಕೇ ಇಟ್ಟು ನೀರು ಹಾಕಿ. ಎಲೆ ತಾನಾಗಿ ಒಣಗುವವರೆಗೂ ಬಿಸಿಲು, ನೀರು ಎರಡೂ ಬೇಕು. ಸ್ನೋಡ್ರಾಪ್‌ಗೆ ಮಾತ್ರ ಇದೇ ಉತ್ತಮ ದಾರಿ: ಅದರ ಪುಟ್ಟ ಗಡ್ಡೆ ಬೇಗ ಒಣಗಿ ಸಾಯುತ್ತದೆ, ಆದ್ದರಿಂದ ಹೂ ಮುಗಿದ ಕೂಡಲೇ ಹಸಿರೆಲೆ ಸಮೇತ ಕಿತ್ತು ನೆಟ್ಟುಬಿಡಬೇಕು.

ಉಳಿದವನ್ನು ಶರತ್ಕಾಲದಲ್ಲಿ ನೆಡಿ. ಟುಲಿಪ್ ಎಲ್ಲಕ್ಕಿಂತ ಕೊನೆಗೆ, ಮಣ್ಣು ಚೆನ್ನಾಗಿ ತಣ್ಣಗಾದ ಮೇಲೆ. ಆಳ ಗಡ್ಡೆಯ ಎತ್ತರದ ಮೂರು ಪಟ್ಟು, ನಡುವಿನ ಅಂತರ ಅಗಲದ ಎರಡರಿಂದ ಮೂರು ಪಟ್ಟು, ಮೊನೆ ಮೇಲಕ್ಕೆ. ನೀರು ನಿಲ್ಲುವ ಜಾಗವಾದರೆ ಏರಿ ಮಡಿ ಮಾಡಿ. ಚಳಿಯನ್ನು ತಡೆಯುವ ಗಡ್ಡೆ ಕೆಸರನ್ನು ತಡೆಯದು. ಚಳಿಯೇ ಬೀಳದ ಕಡೆ ಟುಲಿಪ್, ಹಯಸಿಂತ್ ಗಡ್ಡೆಗಳನ್ನು ನೆಡುವ ಮೊದಲು 12 ವಾರವಾದರೂ ಹಣ್ಣಿಲ್ಲದ ಫ್ರಿಜ್‌ನಲ್ಲಿಡಬೇಕು. ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ.

ಸಣ್ಣ ಮರಿಗಡ್ಡೆಗಳನ್ನು ಬೇರೆ ಸಾಲಿನಲ್ಲಿ, ಕಡಿಮೆ ಆಳದಲ್ಲಿ ನೆಡಿ. ಎರಡು ಮೂರು ವರ್ಷ ಬರೀ ಎಲೆ ಬಂದರೆ ಗಾಬರಿಯಾಗಿ ಕಿತ್ತುಹಾಕಬೇಡಿ, ಅವು ದಪ್ಪವಾಗುತ್ತಿರುತ್ತವೆ.