ಅಲಸಂಡೆಯ ಗೆಣ್ಣು ಕಪ್ಪಾಗದೆ ಉಳಿದದ್ದು: ನನ್ನ ಅನುಭವ

ಕಾಸರಗೋಡಿನ ಏಪ್ರಿಲ್ ಸೆಕೆಯಲ್ಲಿ ಅಲಸಂಡೆಗೆ ಆಗ್ರೋಬ್ಯಾಕ್ಟೀರಿಯಂ (ಗಿಡದ ಕೋಶಕ್ಕೆ ಹೊಸ ಜೀನ್ ಸಾಗಿಸುವ ಬ್ಯಾಕ್ಟೀರಿಯಾ) ಹಾಕಿ ಚಿಗುರು ತೆಗೆಯುವುದು ಆಗುವ ಹೋಗುವ ಮಾತಲ್ಲ ಎಂದವರೇ ಹೆಚ್ಚು. ಮೊದಲ ಐದಾರು ಬ್ಯಾಚಿನಲ್ಲಿ ಅವರೇ ಗೆದ್ದರು. ನೂರು ಬೀಜದಳದ ಗೆಣ್ಣು (ಮೊಳಕೆಯಲ್ಲಿ ಬೀಜದಳ ಕಾಂಡಕ್ಕೆ ಸೇರುವ ಜಾಗ) ಇಟ್ಟರೆ ಹತ್ತು ದಿನಕ್ಕೆ ಹಸಿರುಳಿದದ್ದು ಹದಿನೈದು. ಈಗ ಅರವತ್ತರ ಆಚೀಚೆ.

ತಪ್ಪೆಲ್ಲ ಬ್ಯಾಕ್ಟೀರಿಯಾದ್ದು ಎಂದುಕೊಂಡು ಒ.ಡಿ. (ದ್ರವದಲ್ಲಿ ಬ್ಯಾಕ್ಟೀರಿಯಾದ ದಟ್ಟಣೆಯ ಅಳತೆ) 1ರಿಂದ 0.5ಕ್ಕೆ ಇಳಿಸಿದೆ. ಪ್ರಯೋಜನವಾಗಲಿಲ್ಲ. ಆಮೇಲೆ ಮೂರು ಕಂಟ್ರೋಲ್ ಇಟ್ಟೆ: ಒಂದು ಬರೀ ಗಾಯ; ಇನ್ನೊಂದು ಗಾಯ ಮತ್ತು ಸೆಫೊಟ್ಯಾಕ್ಸಿಮ್ (ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್); ಮೂರನೆಯದು ಗಾಯ ಮತ್ತು ಬ್ಯಾಕ್ಟೀರಿಯಾ, ಆದರೆ ಸೆಲೆಕ್ಷನ್ (ಜೀನ್ ಹೊಗದ ಕೋಶವನ್ನು ಔಷಧದಿಂದ ಕೊಲ್ಲುವುದು) ಇಲ್ಲದೆ. ಬರೀ ಗಾಯದ್ದರಲ್ಲೇ ಕಾಲುಭಾಗ ಕಂದು! ಮೊಂಡು ಬ್ಲೇಡು ಅಂಚನ್ನು ಜಜ್ಜುತ್ತಿತ್ತು, ಸೋರಿದ ಫೀನಾಲ್ ಆಕ್ಸಿಡೈಸ್ ಆಗುತ್ತಿತ್ತು. ಈಗ ಇಪ್ಪತ್ತು ಗೆಣ್ಣಿಗೊಂದು ಹೊಸ ಬ್ಲೇಡು. ಕೊಯ್ದದ್ದು ಕೂಡಲೇ ದ್ರವ ಮಾಧ್ಯಮಕ್ಕೆ.

ಇನ್ನೊಂದು ಕಾರಣ ಸೆಕೆ. ಕೋ-ಕಲ್ಟಿವೇಶನ್ (ಗೆಣ್ಣು, ಬ್ಯಾಕ್ಟೀರಿಯಾ ಒಟ್ಟಿಗಿಡುವ ಹಂತ) 28 ಡಿಗ್ರಿ ದಾಟಿದರೆ ಹೊಸ ಜೀನ್ ಹೊತ್ತ ಟಿ-ಡಿಎನ್‌ಎ ಸಾಗಿಸುವ ಕೆಲಸ ಕುಸಿಯುತ್ತದೆ, ಬ್ಯಾಕ್ಟೀರಿಯಾ ಮಾತ್ರ ಕೊಬ್ಬುತ್ತದೆ. ಉಷ್ಣತೆ ತಗ್ಗಿಸಿಡುವ ಬಿಒಡಿ ಇನ್ಕ್ಯುಬೇಟರ್‌ಗೆ ದುಡ್ಡಿರಲಿಲ್ಲ. ಹಳೇ ಫ್ರಿಜ್ಜಿಗೆ ಸುಮಾರು ಸಾವಿರದೈನೂರರ ಟೆಂಪರೇಚರ್ ಕಂಟ್ರೋಲರ್ ಹಾಕಿ 22ಕ್ಕೆ ನಿಲ್ಲಿಸಿದೆ. ಒಳಗೆ ನಾಲ್ಕು ನೀರಿನ ಬಾಟಲಿ ಇಟ್ಟರೆ ಕರೆಂಟು ಹೋದರೂ ಗಂಟೆ ಹೊತ್ತು ತಡೆಯುತ್ತದೆ. ಮೂರು ದಿನ, ಕತ್ತಲಲ್ಲಿ, ಮಾಧ್ಯಮದ ಮೇಲೆ ಫಿಲ್ಟರ್ ಪೇಪರ್ ಹಾಸಿ. ಅದಕ್ಕೆ ಬ್ಯಾಕ್ಟೀರಿಯಾವನ್ನು ಜೀನ್ ಸಾಗಿಸಲು ಎಬ್ಬಿಸುವ ಅಸಿಟೋಸಿರಿಂಗೋನ್ 100 ಮೈಕ್ರೋಮೋಲಾರ್, ಕಂದಾಗುವುದನ್ನು ತಡೆಯುವ ಸಿಸ್ಟೀನ್ ಲೀಟರಿಗೆ 400 ಮಿಲಿಗ್ರಾಂ. ಸಿಸ್ಟೀನ್ ಆಟೋಕ್ಲೇವ್ ಮಾಡಬೇಡಿ, ಸೂಕ್ಷ್ಮಾಣು ತಡೆಯುವ ಫಿಲ್ಟರಿನಲ್ಲಿ ಸೋಸಿ ಹಾಕಿ. ಅದು ಪಿಎಚ್ ಇಳಿಸುತ್ತದೆ, ಗಾಢ ಸ್ಟಾಕ್ ದ್ರಾವಣದ ಪಿಎಚ್ಚನ್ನೇ ಮೊದಲು ಸರಿಮಾಡಿಕೊಳ್ಳಿ.

ದೊಡ್ಡ ಪೆಟ್ಟು ಬಿದ್ದದ್ದು ಅವಸರದಿಂದ. ಕೋ-ಕಲ್ಟಿವೇಶನ್ ಮುಗಿಸಿ ಬ್ಯಾಕ್ಟೀರಿಯಾ ತೊಳೆದ ದಿನವೇ ಸೆಲೆಕ್ಷನ್ನಿನ ಆಂಟಿಬಯಾಟಿಕ್ ಜಿ418 ಕೊಟ್ಟರೆ, ಜೀನ್ ಹೊಕ್ಕಿದ್ದರೂ ಗಾಯ ಮತ್ತು ಸೋಂಕಿನಿಂದ ಬಳಲಿದ ಕೋಶ ಸಾಯುತ್ತದೆ. ಈಗ ಆರು ದಿನ ಬರೀ ಸೆಫೊಟ್ಯಾಕ್ಸಿಮ್‌ನಲ್ಲಿ (ಲೀಟರಿಗೆ 500 ಮಿಲಿಗ್ರಾಂ) ವಿಶ್ರಾಂತಿ, ಆಮೇಲೆ ಸೆಲೆಕ್ಷನ್, ಅದೂ ಮೊದಲ ಸುತ್ತಿಗೆ ಅರ್ಧ ಡೋಸು. ಸೆಫೊಟ್ಯಾಕ್ಸಿಮ್ ಮೆಡಿಕಲ್ ಶಾಪಿನ ಒಂದು ಗ್ರಾಂ ಇಂಜೆಕ್ಷನ್ ವಯಲ್. ನನಗೆ ಮೂವತ್ತು-ನಲವತ್ತು ರೂಪಾಯಿಗೆ ಸಿಕ್ಕಿತ್ತು. ಬೆರೆಸಿಟ್ಟದ್ದರ ತಿಳಿ ಹಳದಿ ಗಾಢವಾದರೆ ಚೆಲ್ಲಿ.

ಕಂದು ಹೀರಲಿ ಎಂದು ಇದ್ದಿಲ ಪುಡಿಯನ್ನೂ ಹಾಕಿ ನೋಡಿದ್ದೆ. ಅದು ಚಿಗುರು ಹೊಮ್ಮಿಸುವ ಹಾರ್ಮೋನ್ ಬಿಎಪಿಯನ್ನೂ ಆಂಟಿಬಯಾಟಿಕ್ಕನ್ನೂ ನುಂಗಿತು. ಪ್ಲೇಟು ತುಂಬ ಹಸಿರು, ಎಲ್ಲವೂ ಎಸ್ಕೇಪ್, ಅಂದರೆ ಜೀನ್ ಹೊಗದೆಯೇ ಬದುಕಿದವು. ಬೊಂಡದ ನೀರು ನೂರಕ್ಕೆ ಹತ್ತು ಹಾಕಿದಾಗ ಗೆಣ್ಣು ಉಬ್ಬಿತು, ಕ್ಯಾಲಸ್ಸೇ (ಆಕಾರವಿಲ್ಲದ ಕೋಶಗಳ ಗಂಟು) ಹೊರತು ಚಿಗುರಿಲ್ಲ.

ಕೊನೆಗೆ ಬೇರು ಬಿಟ್ಟು, ಜೀನ್ ಇದೆಯೇ ಎಂದು ನೋಡುವ ಪಿಸಿಆರ್‌ನಲ್ಲೂ ಪಾಸಾದವು ನೂರಕ್ಕೆ ಒಂದು, ಒಳ್ಳೇ ಬ್ಯಾಚಿನಲ್ಲಿ ಎರಡು. ಅಲಸಂಡೆ ಗೊತ್ತಿದ್ದವರು ಇದಕ್ಕೆ ನಗಲಾರರು. ಜೀನ್ ಹೊಕ್ಕ ಗುರುತಾದ ಗಸ್ ನೀಲಿ ಕಂಡು ಕುಣಿಯುವ ಮೊದಲು ಗಸ್ ಜೀನಿನೊಳಗೆ ಇಂಟ್ರಾನ್ (ಗಿಡ ಕತ್ತರಿಸಿ ತೆಗೆಯಬಲ್ಲ, ಬ್ಯಾಕ್ಟೀರಿಯಾ ತೆಗೆಯಲಾರದ ತುಣುಕು) ಇದೆಯೇ ನೋಡಿ. ಇಲ್ಲದಿದ್ದರೆ ಆ ನೀಲಿ ಉಳಿದ ಬ್ಯಾಕ್ಟೀರಿಯಾದ್ದೂ ಇರಬಹುದು.